ನಾಲ್ಕು ದಿಕ್ಕಿನ ಚರಗ

ಇವತ್ತು ಬೆಳಿಗ್ಗೆ ಗುರೆಳ್ಳು ಚಟ್ನಿಯ ಡಬ್ಬಿ ತೊಳೆಯಲೆಂದು ಮುಚ್ಚಳ ತೆಗೆದೆ. ಸೀಗೆ ಹುಣ್ಣಿಮೆಗೆಂದು ಮಾಡಿದ್ದು ಹಾಗೇ ಉಳಿದಿತ್ತು. ಆ ಘಮಕ್ಕೆ ವಾಚರಣ್ಣ ನೆನಪಾದ. ಈ ಚಟ್ನಿ ಕಂಡರೆ ಆತ ಖಾಕಿ ಟೋಪಿ ತೆಗೆದು ಪಕ್ಕಕ್ಕಿಡುತ್ತಿದ್ದ. ಸಾಹೇಬರ ಮುಂದೆಯೂ ಅಷ್ಟು ಭಕ್ತಿಯಿಂದ ತೆಗೆಯುತ್ತಿದ್ದನೋ ಇಲ್ಲವೋ…

ರಾಣೆಬೆನ್ನೂರಿನ ಹತ್ತಿರ ಕೃಷ್ಣಮೃಗಗಳ, ನಮ್ಮ ಕಡೆಯ ಮಾತಿನಲ್ಲಿ ಚಿಗರಿಗಳ, ಕಾಡಿದೆಯಲ್ಲ, ಅಲ್ಲಿ ಆತ ದಿನಗೂಲಿಯ ಕಾವಲುಗಾರ. ಭಾನುವಾರ ಹಾವೇರಿ, ಬ್ಯಾಡಗಿ ಕಡೆಯ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಒಲೆ ಹೂಡಬಾರದು, ಹಾಡು ಹಚ್ಚಬಾರದು, ಪ್ರಾಣಿಗಳಿಗೆ ತಿನ್ನಲು ಹಾಕಬಾರದು ಎಂದು ಗೇಟಿನಲ್ಲಿ ದೊಡ್ಡ ಬೋರ್ಡು. ಜನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಒಳಗೆ ಹೋಗಿ ಮೂರನ್ನೂ ಮಾಡುತ್ತಿದ್ದರು. ಆತ ಸೀಟಿ ಊದುತ್ತ ಅವರ ಹಿಂದೆ ಓಡುತ್ತಿದ್ದ.

ನಮ್ಮ ಹೊಲ ಹೆದ್ದಾರಿ ಅಗಲ ಮಾಡುವಾಗ ಹೋಯಿತು. ಆ ವರ್ಷವೂ ಅತ್ತೆ ಸೀಗೆ ಹುಣ್ಣಿಮೆಗೆ ಕಡುಬು, ಹೋಳಿಗೆ, ರೊಟ್ಟಿ, ಪಲ್ಯ ಎಲ್ಲ ಮಾಡಿಸಿದರು. ಅಂದು ಭೂಮಿತಾಯಿ ಬಸಿರಿ. ಮಾಡಿದ್ದನ್ನೆಲ್ಲ ನಾಲ್ಕು ದಿಕ್ಕಿಗೂ ಚರಗವೆಂದು ಚೆಲ್ಲಿ ಅವಳಿಗೆ ಉಣಿಸದೆ ಅತ್ತೆ ತಾವು ಒಂದು ತುತ್ತು ತಿಂದವರಲ್ಲ. ಚೆಲ್ಲೋಣವೆಂದರೆ ನಮ್ಮ ಹೊಲದ ಮೇಲೆ ಲಾರಿಗಳು ಓಡುತ್ತಿದ್ದವು. ಅದಕ್ಕೇ ಬುಟ್ಟಿ ಹೊತ್ತು, ಆಟೋ ಮಾಡಿಕೊಂಡು ಈ ಕಾಡಿಗೆ ಬಂದೆವು.

ಅತ್ತೆ ಮೊದಲ ಹಿಡಿ ಎತ್ತಿ ‘ಹುಲ್ಲುಲ್ಲಿಗೋ’ ಎಂದು ಚರಗದ ಕೂಗು ಹಾಕಿದ್ದೇ ತಡ, ಸೀಟಿ ಕೇಳಿಸಿತು.

“ಯವ್ವಾ, ಇಲ್ಲಿ ಪ್ರಾಣಿಗೆ ಹಾಕಂಗಿಲ್ಲರಿ.”

“ಪ್ರಾಣಿಗಲ್ಲೋ ತಮ್ಮಾ, ಭೂಮ್ತಾಯಿಗೆ.”

“ಭೂಮ್ತಾಯಿ ಕೈ ತೊಳಕೊಂಡು ಬರೂದ್ರಾಗ ಚಿಗರಿ ಬಂದು ತಿಂತಾವ್ರಿ. ಅವು ಖಾರ ತಡಿಯಂಗಿಲ್ಲ.”

“ಹಾಕಿದ್ದು ಬ್ಯಾಡಗಿ ಮೆಣಸಿನಕಾಯಿ. ಬರೇ ಬಣ್ಣ. ಖಾರ ಎಲ್ಲೈತಿ?”

ಆತ ದನಿ ತಗ್ಗಿಸಿದ. ಹಿಂದಿನ ವಾರ ಯಾರೋ ಚಿಗರಿಯೊಂದಕ್ಕೆ ಖಾರ ಮಂಡಕ್ಕಿಯ ಗಿರಮಿಟ್ ತಿನ್ನಿಸಿದ್ದರಂತೆ, ಸಾಹೇಬರು ಇವನನ್ನು ಬೈದಿದ್ದರಂತೆ. ಇನ್ನೊಮ್ಮೆ ಹಾಗಾದರೆ ಕಾಡು ಬಿಡಿಸಿ ನರ್ಸರಿಯಲ್ಲಿ ಮಣ್ಣಿನ ಚೀಲ ತುಂಬಲು ಹಾಕುತ್ತಾರಂತೆ. ಅತ್ತೆಯ ಕೈ ಎತ್ತಿದಲ್ಲೇ ನಿಂತಿತ್ತು. ಸಕ್ಕರೆ ಕಾಯಿಲೆಯ ಜೀವ, ಹೊತ್ತು ನೆತ್ತಿಗೆ ಬಂದಿತ್ತು, ಬೆಳಗಿನಿಂದ ಉಪವಾಸ. ಆತ ಆ ಕೈಯನ್ನು ನೋಡಿದ. ಬುಟ್ಟಿಯನ್ನೂ ನೋಡಿದ ಅನ್ನಿ…

“ಒಂದ ಕೆಲಸ ಮಾಡ್ರಿ. ದಿನಾ ಈ ಅಡವಿ ನಾಲ್ಕೂ ದಿಕ್ಕು ತಿರಗಾಂವ ನಾನು. ನನಗ ಉಣ್ಣಾಕ ಹಾಕ್ರಿ. ಹೊಟ್ಟ್ಯಾಗ ಇಟಗೊಂಡು ಹೋಗಿ ಮುಟ್ಟಸ್ತೇನಿ.”

“ನೀ ಮನಷ್ಯಾ ಅಲ್ಲೇನೋ?”

“ಬೋರ್ಡಿನ್ಯಾಗ ಮನಷ್ಯಾರಿಗೆ ಹಾಕಬ್ಯಾಡ್ರಿ ಅಂತ ಬರದಿಲ್ಲರಿ.”

ಅತ್ತೆ ಎತ್ತಿದ ಹಿಡಿಯನ್ನು ಬುಟ್ಟಿಗೇ ಹಾಕಿ ಎಲೆ ಹಾಸಿದರು. ಇದು ಮೂಡಲಕ್ಕೆ, ಇದು ತೆಂಕಲಕ್ಕೆ ಎಂದು ಹೇಳಿ ಹೇಳಿ ನಾಲ್ಕು ಸಲ ಬಡಿಸಿದರು. ಮೂರನೇ ದಿಕ್ಕಿಗೆ ಆತ ಬೆಲ್ಟು ಸಡಿಲಿಸಿದ. ನಾಲ್ಕನೆಯದು ಮುಗಿಸಿ ಬೇವಿನ ಮರಕ್ಕೆ ಒರಗಿ ಕಣ್ಣು ಮುಚ್ಚಿದ.

“ಏಳೋ ತಮ್ಮಾ, ಪಡುವಲ ಹಸದು ಕುಂತೈತಿ” ಎಂದು ಅತ್ತೆ ಎಬ್ಬಿಸಿದರು.

ಆತ ಏದುಸಿರು ಬಿಡುತ್ತ ಗಿಡಗಳ ಹಿಂದೆ ಮರೆಯಾದ ಮೇಲೆಯೇ ಅವರು ತುತ್ತು ಎತ್ತಿದ್ದು.

ಮುಂದೆ ಪ್ರತಿ ವರ್ಷವೂ ಹೀಗೇ ನಡೆಯಿತು. ಆತ ಹಿಂದಿನ ದಿನದ ರಾತ್ರಿ ಊಟ ಬಿಟ್ಟು, ಗೇಟಿನಲ್ಲಿ ಕಾಯುತ್ತಿದ್ದ. ಒಮ್ಮೆ ಸಾಹೇಬರು ದಾರಿಯಲ್ಲಿ ಸಿಕ್ಕು, ಯಾಕೋ ಇಷ್ಟು ತೇಕುತ್ತೀ ಎಂದು ಕೇಳಿದರಂತೆ. “ಇವತ್ತ ನಾಲ್ಕು ಮಂದೀದು ಒಬ್ಬನ ಹೊತಗೊಂಡು ಗಸ್ತು ತಿರಗಾಕತ್ತೇನ್ರಿ ಸರ” ಅಂದನಂತೆ. ಅವರು ಮೆಚ್ಚಿ ಬೆನ್ನು ತಟ್ಟಿದರು. ತೇಗು ಬಂದುಬಿಟ್ಟಿತ್ತು ಎಂದು ಆತ ಹೇಳಿದಾಗ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದರು.

ಈ ಸಲ ಗೇಟಿನಲ್ಲಿ ಬೇರೆ ವಾಚರ್ ನಿಂತಿದ್ದರು. ಹಳೆಯವರು ಶ್ರಾವಣದಲ್ಲೇ ತೀರಿಕೊಂಡರು, ಎದೆನೋವು ಎಂದರು. ನಮಗೆ ಯಾರು ಹೇಳಬೇಕಿತ್ತು… ನಾವು ಆತನಿಗೆ ಏನಾಗಬೇಕು? ಅತ್ತೆ ಬುಟ್ಟಿಯ ಬಟ್ಟೆ ಸರಿಸಿ ಆ ಹೊಸಬರಿಗೆ, “ನೀ ಉಣ್ತೀಯೇನೋ ತಮ್ಮಾ?” ಎಂದರು. ಡ್ಯೂಟಿಯ ಮೇಲೆ ಊಟ ಮಾಡುವಂತಿಲ್ಲ ಎಂದು ಅವರು ಮರ್ಯಾದೆಯಿಂದಲೇ ಹೇಳಿದರು.

ಅತ್ತೆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲುಬೆಂಚಿನ ಮೇಲೆ ಕುಳಿತರು. ಹೊತ್ತು ಏರಿತು. ನಾನು ಕೈ ತೊಳೆದು ಅವರ ಮುಂದೆ ಕುಳಿತೆ.

“ನನಗ ಹಾಕ್ರಿ ಅತ್ತಿ.”

ಅವರು ನಾಲ್ಕು ಸಲ ಬಡಿಸಿದರು. ಎರಡನೆಯದಕ್ಕೇ ನೀರು ಕೇಳಿದೆ, ಹೇಗೋ ಮುಗಿಸಿ ಎದ್ದೆ. ನಮ್ಮಂಥವರಿಗೆ ಅಲ್ಲಿ ಮೂಡಲ ಕಡೆಯ ವೀಕ್ಷಣಾ ಗೋಪುರದ ತನಕ ಮಾತ್ರ ದಾರಿ, ಆಮೇಲೆ ಹಗ್ಗ ಕಟ್ಟಿದ್ದಾರೆ. ಹಗ್ಗ ಹಿಡಿದು ಬಹಳ ಹೊತ್ತು ನಿಂತೆ. ದೂರದಲ್ಲಿ ಎರಡು ಚಿಗರಿ ತಲೆ ಎತ್ತಿ ನೋಡಿ, ಮತ್ತೆ ಮೇಯತೊಡಗಿದವು.

ವಾಪಸು ಬಂದಾಗ ಅತ್ತೆ ಕೇಳಿದರು, “ನಾಲ್ಕೂ ಕಡೆ ಹೋಗಿ ಬಂದೀಯೇನಬೇ?”

“ಹೂಂ ಅತ್ತಿ” ಅಂದೆ.

ಅವರು ರೊಟ್ಟಿ ಮುರಿದರು. ಮೂರು ದಿಕ್ಕು ಈ ವರ್ಷ ಉಪವಾಸ ಉಳಿದದ್ದು ನನಗೊಬ್ಬಳಿಗೇ ಗೊತ್ತು.