ಬುಟ್ಟಿಯಲ್ಲಿದ್ದ ಮೂವತ್ತನಾಲ್ಕು ಪಾಠಗಳು

"ಕೈ ತೆಗೀರಿ! ಅಮ್ಮಾ, ಮೊದ್ಲು ಮೌಸ್ ಮೇಲಿಂದ ಕೈ ತೆಗೀರಿ!"

ಬಾಯಲ್ಲಿ ಪೇಸ್ಟಿನ ನೊರೆ, ಒಂದು ಕೈಯಲ್ಲಿ ಬ್ರಶ್ಶು, ಇನ್ನೊಂದರಲ್ಲಿ ಫೋನು. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಫೋನಿನ ಆ ತುದಿಯಲ್ಲಿರುವುದು ಎರಡು ಬೀದಿ ಆಚೆಯ ನಿವೃತ್ತ ಟೈಪಿಸ್ಟ್. ಅವರ ಕಂಪ್ಯೂಟರು ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದೆ: ಕಸದ ಬುಟ್ಟಿಯಲ್ಲಿರುವ ಮೂವತ್ತನಾಲ್ಕು ಫೈಲುಗಳನ್ನು ಶಾಶ್ವತವಾಗಿ ಅಳಿಸಬೇಕೆ?

"ನಾನು ಫೋನ್ ಮಾಡಿದ್ದು ಅದಕ್ಕಲ್ಲ ಕಣಮ್ಮ. ಜಾಗ ಇಲ್ಲ ಅಂತ ತೋರಿಸ್ತಿತ್ತು, ತಮ್ಮನ ಮಗ ಬುಟ್ಟಿ ಖಾಲಿ ಮಾಡಿ ಅಂದ. ಆದ್ರೆ ಎಣಿಕೆ ತಪ್ಪಿದೆ. ನಾನು ಹಾಕಿದ್ದು ಮೂವತ್ತೆಂಟು."

"ಅದ್ರಲ್ಲಿ ಇರೋದೇನು?"

"ಪಾಠಗಳು. ಓದಿದ್ದಷ್ಟೂ ಅಲ್ಲೇ ಇದೆ."

ಬಾಯಿ ಮುಕ್ಕಳಿಸಿದ್ದೇ ತಡ, ಸ್ಕೂಟರಿನ ಕೀಲಿಗೆ ತಡಕಾಟ ಶುರು. "ಕುರ್ಚಿಯಿಂದ ಎದ್ದು ಆಚೆ ನಿಂತ್ಕೊಳ್ಳಿ. ಏನೂ ಮುಟ್ಟಬೇಡಿ. ಬಂದೆ."

ಮನೆಮನೆಗೆ ಹೋಗಿ ಕಂಪ್ಯೂಟರು ರಿಪೇರಿ ಮಾಡುವ ಇವರಿಗೆ ಈ ಬಡಾವಣೆಯಲ್ಲಿರುವ ಹೆಸರು ರಬ್ಬರಕ್ಕ. ಕಂಪ್ಯೂಟರು ಬೀಪ್ ಬೀಪ್ ಎಂದು ಅರಚಿಕೊಂಡು ಏಳದೆ ಮಲಗಿದರೆ, ಒಳಗಿನ ಮೆಮೊರಿ ಪಟ್ಟಿಯನ್ನು ಕಿತ್ತು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸುತ್ತಾರೆ. ಹತ್ತರಲ್ಲಿ ಆರು ಯಂತ್ರಗಳು ಅಷ್ಟಕ್ಕೇ ಎದ್ದು ಕೂರುತ್ತವೆ. ಚೀಲದಲ್ಲಿ ಸದಾ ನಾಲ್ಕು ರಬ್ಬರು, ಧೂಳು ಕೆಡವಲು ಬಣ್ಣ ಬಳಿಯುವ ಬ್ರಶ್ಶು, ಒಂದು ಸ್ಕ್ರೂಡ್ರೈವರು, ಎರಡು ಪೆನ್‌ಡ್ರೈವು.

ವಯಸ್ಸು ನಲವತ್ತಾರು. ಮೊದಲು ಅಣ್ಣನ ಅಂಗಡಿಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ಸಿದ್ಧ ಉಡುಪು ಬಂದು ಅಂಗಡಿ ಸೊರಗಿತು. ಒಂದು ದಿನ ಗಿರಾಕಿಯೊಬ್ಬರ ಮನೆಯಲ್ಲಿ ಕಂಪ್ಯೂಟರಿನ ಫ್ಯಾನು ಗೊರಕೆ ಹೊಡೆಯುತ್ತಿತ್ತು. ಹೊಲಿಗೆ ಯಂತ್ರದ ಎಣ್ಣೆ ಒಂದೇ ತೊಟ್ಟು ಬಿಟ್ಟರು; ಗೊರಕೆ ನಿಂತಿತು. ಅಲ್ಲಿಂದ ಶುರುವಾದದ್ದು ಹದಿನಾಲ್ಕು ವರ್ಷವಾಯಿತು.

"ಬಾಗಿಲು ತೆಗೆದೋರು ನನ್ನ ಬೆನ್ನ ಹಿಂದೆ ಇಣುಕೋರು. 'ಮೆಕ್ಯಾನಿಕ್ ಎಲ್ಲಮ್ಮ?' ಅಂತ. 'ಮೆಟ್ಟಿಲು ಹತ್ತೋವಾಗ ಇದ್ದ, ಮೇಲೆ ಬರೋಷ್ಟರಲ್ಲಿ ನಾನಾದ' ಅಂತಿದ್ದೆ. ನಕ್ಕೋರು ಒಳಗೆ ಕರೆದ್ರು. ನಗದೋರು ಇನ್ನೊಬ್ಬರನ್ನ ಹುಡುಕ್ಕೊಂಡ್ರು."

ಈಗ ದಿನಕ್ಕೆ ಏಳೆಂಟು ಮನೆ, ಇಪ್ಪತ್ತು ಫೋನು. ಅರ್ಧಕ್ಕರ್ಧ ಫೋನುಗಳ ಮದ್ದು ಒಂದೇ: ಆರಿಸಿ, ಮೂವತ್ತರವರೆಗೆ ಎಣಿಸಿ, ಮತ್ತೆ ಹಾಕಿ. ಉಳಿದವುಗಳಲ್ಲಿ ಸಡಿಲಗೊಂಡ ವೈರೇ ಹೆಚ್ಚು. 'ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಕೂಡಲೇ ಈ ನಂಬರಿಗೆ ಕರೆ ಮಾಡಿ' ಎಂದು ಪರದೆ ಹೆದರಿಸಿದರೆ ಅವರ ಉತ್ತರ ಇನ್ನೂ ಚಿಕ್ಕದು: "ಆ ನಂಬರು ಬಿಟ್ಟು ಬೇರೆ ಯಾರಿಗಾದ್ರೂ ಮಾಡಿ." ಮೌಸನ್ನು ಮಾತ್ರ ಅವರು ಮುಟ್ಟುವುದಿಲ್ಲ. ಪಕ್ಕದಲ್ಲಿ ಕೂತು ಹೇಳುತ್ತಾರೆ, ಮನೆಯವರೇ ಒತ್ತಬೇಕು. "ನಾನು ಒತ್ತಿದ್ರೆ ಕಲಿಯೋಳು ನಾನು. ನನಗೆ ಆಗ್ಲೇ ಬರುತ್ತಲ್ಲ."

ಇದಕ್ಕೆ ಇನ್ನೊಂದು ಕಾರಣವೂ ಇದೆ. ಕೆಲಸ ಹಿಡಿದ ಎರಡನೇ ವರ್ಷ ಗಡಿಯಾರ ರಿಪೇರಿಯವರೊಬ್ಬರ ಕಂಪ್ಯೂಟರನ್ನು ಚುರುಕು ಮಾಡಲು ಹೋಗಿ, ಕೇಳದೆಯೇ ಕಸದ ಬುಟ್ಟಿ ಖಾಲಿ ಮಾಡಿದ್ದರು. ಆ ಗಿರಾಕಿ ಕೈತಪ್ಪಿ ಅಳಿಸಿದ್ದ, ಎರಡು ವರ್ಷ ಕೂತು ಬರೆದ ಗಡಿಯಾರದ ನಕ್ಷೆಗಳು ಅದರಲ್ಲಿದ್ದವು. "ಬೈಲಿಲ್ಲ ಅವರು. ಕಾಫಿ ಕೊಟ್ರು. ಅದನ್ನ ಕುಡಿಯೋದು ಬೈಸ್ಕೊಳ್ಳೋದಕ್ಕಿಂತ ಕಷ್ಟ ಆಯ್ತು."

ಟೈಪಿಸ್ಟಮ್ಮನ ಮನೆ ಎರಡನೇ ಮಹಡಿ. ರಬ್ಬರಕ್ಕನ ಮಂಡಿಗೆ ಮೆಟ್ಟಿಲೆಂದರೆ ಆಗದು. ಪ್ರತಿ ತಿರುವಿನಲ್ಲಿ ನಿಂತು ಉಸಿರು ಎಳೆದುಕೊಳ್ಳುತ್ತಾರೆ. ಕೋಣೆಯ ಕಿಟಕಿಗೆ ಎರಡು ದಪ್ಪ ಕಂಬಳಿ ಇಳಿಬಿಟ್ಟಿದೆ, ಬೀದಿಯ ಸದ್ದು ಒಳಬಾರದೆಂದು. ನೀರಿನ ಬಾಟಲಿಗೆ ದಾರ ಸುತ್ತಿ ಮೈಕನ್ನು ಕಟ್ಟಿದ್ದಾರೆ. ಫೋನಿನಲ್ಲಿ ಹೇಳಿದಂತೆಯೇ ಟೈಪಿಸ್ಟಮ್ಮ ಕುರ್ಚಿಯಿಂದ ಮೂರಡಿ ದೂರ, ಕೈ ಕಟ್ಟಿಕೊಂಡು ನಿಂತಿದ್ದಾರೆ.

ಕೆಳಗಿನ ಮನೆಯಲ್ಲಿ ಕಣ್ಣು ಕಾಣದ ಒಬ್ಬ ವಿದ್ಯಾರ್ಥಿನಿ ಇದ್ದಾಳೆ. ಇನ್ನು ಒಂಬತ್ತು ದಿನಕ್ಕೆ ಅವಳ ಇತಿಹಾಸ ಪರೀಕ್ಷೆ. ಏಳು ತಿಂಗಳಿಂದ ಟೈಪಿಸ್ಟಮ್ಮ ಅವಳಿಗಾಗಿ ಪುಸ್ತಕವನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುತ್ತಿದ್ದಾರೆ. ಓದಿ ಓದಿ ಗಂಟಲು ಕಟ್ಟಿದೆ. ನಾಳೆ ಬೆಳಿಗ್ಗೆ ಹುಡುಗಿ ಎಲ್ಲವನ್ನೂ ಒಟ್ಟಿಗೆ ಒಯ್ಯಲು ಬರುತ್ತಾಳೆ.

"ಆಗಾಗ ಒಂದೊಂದೇ ಕೊಡಬಹುದಿತ್ತಲ್ಲ ಅಮ್ಮ?"

"ಪೂರ್ತಿಯಾಗದ ಫೈಲು ನನ್ನ ಮೇಜು ದಾಟಿದ್ದಿಲ್ಲ ಕಣೇ."

"ಸರಿ. ಆದ್ರೆ ಕಸದ ಬುಟ್ಟಿಗೆ ಯಾಕೆ?"

"ಕಸದ್ದು ಅಂತ ಯಾರು ಹೇಳಿದ್ದು? ಮೂವತ್ತೊಂದು ವರ್ಷ ನನ್ನ ಮೇಜಿನ ಪಕ್ಕ ಒಂದು ತಂತಿ ಬುಟ್ಟಿ ಇತ್ತು. ಮುಗಿದ ಕೆಲಸ ಅದಕ್ಕೆ. ಇದ್ರಲ್ಲೂ ಒಂದು ಬುಟ್ಟಿ ಕಂಡಿತು, ಹಾಕಿದೆ. ಹೋಗಿ ನೋಡಿದ್ರೆ ಇರ್ತಿತ್ತು."

ರಬ್ಬರಕ್ಕ ನಗುವುದಿಲ್ಲ. ನಗಬಾರದೆಂದು ಅಲ್ಲ, ಈ ಮಾತಿನಲ್ಲಿ ತಪ್ಪೆಲ್ಲಿದೆ ಎಂದು ಅವರಿಗೇ ಹೊಳೆಯುತ್ತಿಲ್ಲ. ಟೈಪಿಸ್ಟಮ್ಮನನ್ನು ಕೂರಿಸಿ, ಪರದೆಯ ಪ್ರಶ್ನೆಗೆ 'ಇಲ್ಲ' ಎಂದು ಒತ್ತಿಸುತ್ತಾರೆ. ಪಾಠಗಳನ್ನು ಒಂದೊಂದಾಗಿ ಬುಟ್ಟಿಯಿಂದ ಹೊರಗೆಳೆಸಿ ಹೊಸ ಫೋಲ್ಡರಿಗೆ ಸೇರಿಸುತ್ತಾರೆ. ಅಲ್ಲಿಂದ ಎರಡೂ ಪೆನ್‌ಡ್ರೈವಿಗೆ ಪ್ರತಿ. "ಬೇಕಾದ್ದು ಯಾವತ್ತೂ ಎರಡು ಕಡೆ ಇರ್ಲಿ. ಒಂದು ನಿಮ್ಮ ಹತ್ರ, ಒಂದು ಬೇರೆ ಮನೇಲಿ." ಜಾಗ ತಿಂದದ್ದು ಯಾರೆಂದು ಹುಡುಕಿದರೆ ತಮ್ಮನ ಮಗನ ಅರವತ್ತು ಸಿನಿಮಾಗಳು. ಟೈಪಿಸ್ಟಮ್ಮ ಆಗಲೇ ಅವನಿಗೆ ಫೋನು ಹಚ್ಚಿದ್ದಾರೆ: "ನಿನ್ನವೆಲ್ಲ ಬುಟ್ಟಿಗೆ ಹಾಕ್ತಿದೀನಿ ಕಣೋ. ಖಾಲಿ ಮಾಡಿದ್ರೆ ಜಾಗ ಆಗುತ್ತಂತೆ, ನೀನೇ ಹೇಳಿದ್ದು."

ಮೂವತ್ತನಾಲ್ಕು ಪಾಠಗಳು ಸಾಲಾಗಿ ನಿಲ್ಲುತ್ತವೆ. ಒಂದನ್ನು ಹಾಕಿ ಕೇಳುತ್ತಾರೆ. ಕೋಣೆಯ ತುಂಬ ಟೈಪಿಸ್ಟಮ್ಮನದೇ ದನಿ, ಅಲ್ಪವಿರಾಮಕ್ಕೆ ನಿಂತು, ಪೂರ್ಣವಿರಾಮಕ್ಕೆ ಉಸಿರು ಬಿಟ್ಟು. ಆ ಮುದುಕಿ ರಬ್ಬರಕ್ಕನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. "ಏಳು ತಿಂಗಳು ಕಣಮ್ಮ," ಎನ್ನುತ್ತಾರೆ.

"ನನಗೇನು ದೊಡ್ಡ ಓದಿಲ್ಲ," ಎಂದು ರಬ್ಬರಕ್ಕ ಒಮ್ಮೆ ಹೇಳಿದ್ದುಂಟು. "ಆದ್ರೆ ಜನ ತಮ್ಮ ಮನೆಯ ಅತಿ ಬೆಲೆಯ ವಸ್ತುವನ್ನ ನನ್ನ ಮುಂದೆ ಬಿಚ್ಚಿಡ್ತಾರೆ. ಅವರ ಋಣ ನನ್ನ ಮೇಲಿದೆ."

ಸಿಗದೆ ಉಳಿದದ್ದು ಮೊದಲ ನಾಲ್ಕು ಪಾಠ. ಆ ಬುಟ್ಟಿಗೂ ಒಂದು ಅಳತೆ ಇದೆ. ತುಂಬಿದಾಗ ಹಳೆಯದನ್ನು ಹೇಳದೆ ಕೇಳದೆ ತಾನೇ ಚೆಲ್ಲುತ್ತದೆ. ರಬ್ಬರಕ್ಕನಿಗೆ ಅದು ಆಗಲೇ ಗೊತ್ತಾಗಿದೆ. ಈಗ ಅದನ್ನು ಬಿಡಿಸಿ ಹೇಳುತ್ತಾರೆ. ಟೈಪಿಸ್ಟಮ್ಮ ಕೇಳಿಸಿಕೊಂಡು, ಎರಡು ಸಲ ಕೆಮ್ಮಿ, ಬಿಸಿನೀರಿನ ಲೋಟ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

"ಕಂಪ್ಯೂಟರಿನ ಡಬ್ಬಿ ನನಗೆ ಕೊಡಿ ಅಮ್ಮ," ಎನ್ನುತ್ತಾರೆ ರಬ್ಬರಕ್ಕ, ಚೀಲ ಬಿಚ್ಚುತ್ತಾ. "ಅಂಗಡಿಗೆ ಒಯ್ದು ಹುಡುಕ್ತೀನಿ. ಎರಡು ದಿನ ಆಗುತ್ತೆ. ಸಿಗಬಹುದು, ಸಿಗದೇನೂ ಇರಬಹುದು. ಈ ಗಂಟಲಲ್ಲಿ ಮತ್ತೆ ಓದೋದು ಬೇಡ."

ಟೈಪಿಸ್ಟಮ್ಮ ಪುಸ್ತಕದ ಮೊದಲ ಪಾಠ ತೆರೆದು ಮೈಕನ್ನು ಬಾಯಿಯ ಹತ್ತಿರ ತಂದುಕೊಂಡಾಗಿದೆ.

"ಕೊಡಲ್ಲ. ನಾಲ್ಕೇ ತಾನೆ, ಸಂಜೆಯೊಳಗೆ ಮುಗಿಸ್ತೀನಿ. ನೀನು ಚಪ್ಪಲಿ ಕೈಲಿ ಹಿಡ್ಕೊಂಡು ಇಳಿ, ಸದ್ದು ಬರಬಾರ್ದು."