ಜೀಪಿನ ಮೇಲೆ ಬೀಸುವ ಕಲ್ಲು

ಗೆಳೆಯರೇ, ಇವತ್ತಿನ ಸಿಟ್ಟು ಇನ್ನೂ ಇಳಿದಿಲ್ಲ. ಕುರಿಗಳಿಗೆ ಲಸಿಕೆ ಹಾಕಲು ಸೊಲ್ಲಾಪುರದಿಂದ ಕರಜಗಿಗೆ ಹಳೆಯ ಮಿಲಿಟರಿ ಜೀಪಿನಲ್ಲಿ ಹೊರಟಿದ್ದೆವು. ಅಕ್ಕಲಕೋಟೆಯಲ್ಲಿ ನಮ್ಮ ಕಾರಕೂನ ಶಿವಪ್ಪ ಕರಜಗಿಯ ತನ್ನ ಮಾವನಿಗೆಂದು ಬೀಸುವ ಕಲ್ಲು ಕೊಂಡು, ಜೀಪಿನ ಮೇಲಿನ ಕ್ಯಾರಿಯರಿಗೆ ಏರಿಸಿದ.

"ಭಾರದ ಸಾಮಾನ ಕೆಳಗ ಇಡ್ರಿ. ನಮ್ಮ ಹಾಸಿಗಿ ಹಗರ ಅದಾವ, ಅವು ಮ್ಯಾಲ ಹೋಗಲಿ," ಎಂದೆ.

"ಕೆಳಗ ಇಟ್ರ ನಾ ಎಲ್ಲಿ ಕುಂದರ್ಲಿರಿ ಡಾಕ್ಟರ್? ಗಟ್ಟಿ ಬಿಗದೀನಿ, ಕಾಳಜಿ ಬ್ಯಾಡ," ಎಂದ. ಡ್ರೈವರ್ ಗಾಡಿ ಬಿಟ್ಟೇಬಿಟ್ಟ.

ಕರಜಗಿ ಹತ್ತಿರದ ಹಳ್ಳದಲ್ಲಿ ಜೀಪು ಒಂದು ಕಡೆಗೆ ವಾಲಿತು. ಹಗ್ಗ ಹರಿದು, ದಡದಲ್ಲಿ ನಡೆದು ಹೋಗುತ್ತಿದ್ದ ಮುದುಕಿಯೊಬ್ಬಳ ಕಾಲ ಬುಡದಲ್ಲೇ ಕಲ್ಲು ಬಿತ್ತು. ಆಕೆ ಹೆದರಿ ಅಲ್ಲೇ ಕುಳಿತುಬಿಟ್ಟಳು. ನಾನು ಆಕೆಗೆ ನೀರು ಕುಡಿಸುತ್ತಿದ್ದರೆ ಶಿವಪ್ಪ ಕಲ್ಲನ್ನು ಹೊರಳಿಸಿ ನೋಡುತ್ತಿದ್ದ.

"ಒಡದಿಲ್ಲರಿ, ಬರೋಬ್ಬರಿ ಐತಿ."

ನನ್ನ ಮೈ ಉರಿಯಿತು. ಕಲ್ಲನ್ನು ಜೀಪಿನೊಳಗೆ ಕೆಳಗಿಡಿಸಿ, ಅವನ ಸೀಟಿನಲ್ಲಿ ಮುದುಕಿಯನ್ನು ಕೂರಿಸಿದೆ. "ನೀವು ನಡದ ಬರ್ರಿ," ಎಂದೆ.

ಅವನು ಊರು ಮುಟ್ಟಿದ ಮೇಲೆ ಮಾವನೊಂದಿಗೆ ನನ್ನಲ್ಲಿಗೆ ಬಂದ.

"ನಮ್ಮ ಅಳಿಯಾರನ್ನ ಬಿಸಲಾಗ ನಡಸಿದ್ರಂತಲ್ರಿ. ಇದು ನಿಮಗ ಶೋಭಾ ಕೊಡ್ತದೇನು?" ಎಂದು ಮಾವ ಕೇಳಿದರು.

ಮುದುಕಿ ಹೇಗಿದ್ದಾಳೆಂದು ಇಬ್ಬರೂ ಕೇಳಲಿಲ್ಲ. ಕಲ್ಲನ್ನು ಮಾತ್ರ ಇಬ್ಬರೂ ಸೇರಿ ಬಹಳ ಜೋಪಾನವಾಗಿ ಇಳಿಸಿಕೊಂಡರು.