ಎಲ್ ಸೋರ್ದೊ ಗುಡ್ಡದ ನಲವತ್ತನೆಯ ಮೊಗ್ಗು

ಬೆಳಗಿನ ಐದೂವರೆ. ಬೋಯಾಕಾ ಪ್ರಾಂತ್ಯದ ಎಲ್ ಸೋರ್ದೊ ಗುಡ್ಡದ ಮೇಲೆ ಮಂಜು ಎಷ್ಟು ದಟ್ಟವೆಂದರೆ ಹೇಸರಗತ್ತೆಗಳೂ ಕೆಮ್ಮಿ ಸುಳಿವು ಕೊಟ್ಟೇ ಮುಂದೆ ಹೋಗುತ್ತವೆ. ಐವತ್ತೆಂಟರ ದೆಲ್ಫಿನಾ ಸಿಯಾಚೋಕೆ ಎಲೆಯೊಂದನ್ನು ಕೆನ್ನೆಗೆ ಉಜ್ಜಿ ನೋಡಿ, ಮೊಗ್ಗು ಕತ್ತರಿಸಿ ಚೀಲಕ್ಕೆ ಹಾಕುತ್ತಾರೆ. ಮೂವತ್ತೊಂಬತ್ತು ಆಯಿತು. ಇನ್ನೊಂದು ಬಾಕಿ. ಮಂಜು ಹರಿದರೆ ದುಂಬಿಗಳು ಏಳುತ್ತವೆ.

ಗಿಡದ ಹೆಸರು ಫ್ರೈಲೆಹೋನ್. ಸೂರ್ಯಕಾಂತಿಯ ದಾಯಾದಿ, ತುಪ್ಪಳದಂಥ ಎಲೆ, ದೂರದಿಂದ ಥೇಟ್ ನಿಂತ ಸನ್ಯಾಸಿ. ಈ ಗುಡ್ಡದ ಜಾತಿ ಲೋಕದಲ್ಲಿ ಬೇರೆಲ್ಲೂ ಇಲ್ಲ. ಉಳಿದಿರುವುದು ಆರುನೂರ ಹನ್ನೆರಡು. ಮೂವತ್ತೆಂಟು ವರ್ಷದ ಹಿಂದೆ ಬೆಂಕಿ ಬಿದ್ದಾಗ ನೆರೆಯ ಎವೆಲಿಯೊ ಪುಣ್ಯ ಬರಲೆಂದು ಆಚೆ ಗುಡ್ಡದಿಂದ ನಲವತ್ತು ಸಸಿ ತಂದು ಇಲ್ಲಿ ನೆಟ್ಟರು. ಅವು ಅರಳಿದರೆ ದುಂಬಿ ಪರಾಗ ಬೆರೆಸುತ್ತದೆ. ಆಮೇಲೆ ಹುಟ್ಟುವವು ಯಾವ ಗುಡ್ಡದವೂ ಅಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಆ ನಲವತ್ತು ಮೊದಲ ಸಲ ಮೊಗ್ಗು ಬಿಟ್ಟಾಗಿನಿಂದ ದೆಲ್ಫಿನಾ ಅವನ್ನು ಅರಳುವ ಮೊದಲೇ ಕತ್ತರಿಸುತ್ತಿದ್ದಾರೆ.

"ಕಿತ್ತು ಬಿಸಾಕು ಅಂತಾರೆ. ತಪ್ಪು ಮಾಡಿದ್ದು ಎವೆಲಿಯೊ, ಗಿಡ ಯಾಕೆ ಕೀಳ್ಲಿ?" ಎನ್ನುತ್ತಾರೆ ದೆಲ್ಫಿನಾ, ವರದಿಗೆಂದು ಜೊತೆಗೆ ಬಂದ ನನಗೆ. "ಹುಟ್ಟಿದಾಗಿಂದ ಈ ಎಲೆ ತುಂಬಿದ ಹಾಸಿಗೇಲೇ ಮಲಗಿದೀನಿ. ಕೆನ್ನೆಗೆ ತಾಗಿಸಿದ್ರೆ ನಮ್ಮದು ಬೆಕ್ಕಿನ ಹೊಟ್ಟೆ. ಆಚೆದು ಎವೆಲಿಯೊನ ಗಡ್ಡ. ಗಡ್ಡ ಹೇಗ್ಗೊತ್ತು ಅಂತ ಬರೀಬೇಡಿ."

ನಲವತ್ತನೆಯದು ಕಪ್ಪು ಬಂಡೆಯ ಪಕ್ಕ ಇರಬೇಕು. ಅಲ್ಲಿರುವುದು ಟೊಪ್ಪಿ ಇಟ್ಟು, ಉಣ್ಣೆಯ ರುವಾನಾ ಹೊದ್ದ ಎವೆಲಿಯೊ ಮಾತ್ರ.

"ಬೆಳಗಾಯ್ತಾ, ಎವೆಲಿಯೊ?"

ಬೆಲ್ಲದ ನೀರು ಕುಡಿಯುವವರೆಗೆ ಎವೆಲಿಯೊ ಯಾರ ಜೊತೆಯೂ ಮಾತಾಡುವುದಿಲ್ಲ. ದೆಲ್ಫಿನಾ ಎರಡು ಸುತ್ತು ಹುಡುಕುತ್ತಾರೆ, ಎರಡನೆಯ ಸಲವೂ ಮಾತಾಡಿಸುತ್ತಾರೆ. ಮಂಜು ತೆಳ್ಳಗಾಗುತ್ತಿದೆ. ಎಲ್ಲೋ ಒಂದು ದುಂಬಿ ಗುಂಯ್ ಎನ್ನುತ್ತದೆ. ಅಷ್ಟರಲ್ಲಿ ಕೆಳಗಿನಿಂದ ಬರಿತಲೆಯಲ್ಲಿ, ಬರೀ ಅಂಗಿಯಲ್ಲಿ, ನಡುಗುತ್ತ ಎವೆಲಿಯೊ ಹತ್ತಿ ಬರುತ್ತಾರೆ.

"ಹಾಗಾದ್ರೆ ನಾನು ಎರಡು ಸಲ ಮಾತಾಡ್ಸಿದ್ದು ಯಾರನ್ನ?"

ಎವೆಲಿಯೊ ನೆಲ ನೋಡುತ್ತಾರೆ. "ಮೂವತ್ತೆಂಟು ವರ್ಷ ಆಯ್ತು, ದೋನ್ಯಾ ದೆಲ್ಫಿನಾ. ನಾನು ನೆಟ್ಟಿದ್ದು ಒಂದೂ ಅರಳಿದ್ದು ನೋಡಿಲ್ಲ. ಒಂದು ಬಿಟ್ಬಿಡಿ."

ದೆಲ್ಫಿನಾ ಬಂಡೆಯತ್ತ ಓಡುತ್ತಾರೆ. ಚಾಕು ಹಿಡಿದು ರುವಾನಾದ ಅಂಚು ಎತ್ತುತ್ತಾರೆ. ಒಳಗೆ ಮೊಗ್ಗು ಬಿರಿದು ಹಳದಿ ಇಣುಕಿದೆ. ತಟ್ಟನೆ ಅಂಚು ಬಿಡುತ್ತಾರೆ. ದುಂಬಿ ಬಂದು ಟೊಪ್ಪಿಯ ಮೇಲೆ ಕೂರುತ್ತದೆ, ಉಣ್ಣೆಯ ಮೇಲೆಲ್ಲ ನಡೆದಾಡುತ್ತದೆ. ಬಾಗಿಲು ಸಿಗದೆ ದುಂಬಿ ಹಾರಿಹೋಗುತ್ತದೆ.

ಚಾಕು ದೆಲ್ಫಿನಾರ ಸೊಂಟಕ್ಕೆ ಮರಳುತ್ತದೆ. ಚೀಲದ ಹುರಿ ಬಿಚ್ಚಿ ರುವಾನಾದ ಬುಡ ಬಿಗಿಯುತ್ತಾರೆ.

"ಹೂ ಬಾಡೋವರೆಗೂ ರುವಾನಾ ಇದರ ಮೇಲೇ. ದಿನಾ ದುಂಬಿ ಏಳೋಕ್ಮುಂಚೆ ಬಂದು ನೋಡ್ಕೊಂಡು, ಮತ್ತೆ ಬಿಗಿದು ಹೋಗು. ನಡುಗೋದು ನಿನ್ನ ಪಾಲು."

"ಟೊಪ್ಪಿ?"

"ಟೊಪ್ಪಿನೂ."

ಇಳಿಯುವಾಗ ದೆಲ್ಫಿನಾ ನನ್ನ ಕಡೆ ತಿರುಗುತ್ತಾರೆ. "ಹತ್ತೊಂಬತ್ತು ವರ್ಷದಲ್ಲಿ ಒಂದೂ ತಪ್ಪಿಸ್ಕೊಂಡಿಲ್ಲ, ಬರ್ಕೊಳ್ಳಿ. ಇವತ್ತೂ ತಪ್ಪಿಸ್ಕೊಂಡಿಲ್ಲ. ಬಟ್ಟೆ ಹಾಕ್ಕೊಂಡು ನಿಂತಿದೆ, ಅಷ್ಟೆ."